ಹೆಡ್‌ಲೈಟ್ ಹಾಕಿದರೆ ಎಂಜಿನ್ ಬಿಸಿಯಾಗುತ್ತಾ?

ಓದುಗರ ಪ್ರಶ್ನೆ: ನನ್ನ ಹತ್ತಿರ 1991ರ ಮಾಜ್ದಾ ಎಂಎಕ್ಸ್-5 ಇದೆ, 1.6 ಲೀಟರ್ ಎಂಜಿನ್. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಹೈವೇಗೆ ಬಿದ್ದರೆ ತಾನೇ ಇಳಿಯುತ್ತದೆ. ಇನ್ನೊಂದು ವಿಚಿತ್ರ ಇದೆ. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಒಂದು ಗೆರೆಯಷ್ಟು ಮೇಲಕ್ಕೆ ಹಾರುತ್ತದೆ, ಆರಿಸಿದರೆ ವಾಪಸ್ ಬರುತ್ತದೆ. ಐಡ್ಲಿಂಗ್‌ನಲ್ಲಿ ಲೈಟು ಮಂಕು, ಬ್ಯಾಟರಿ ದೀಪ ಒಮ್ಮೊಮ್ಮೆ ಸಣ್ಣಗೆ ಮಿನುಗುತ್ತದೆ. ತಿಂಗಳಿಗೆ ಅರ್ಧ ಲೀಟರ್‌ನಷ್ಟು ಕೂಲೆಂಟ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಒಂದು ಹನಿಯೂ ಕಾಣಲ್ಲ. ಥರ್ಮೋಸ್ಟಾಟ್, ಟೆಂಪರೇಚರ್ ಸೆನ್ಸರ್, ಬ್ಯಾಟರಿ ಮೂರನ್ನೂ ಬದಲಿಸಿದೆ, ಉಪಯೋಗ ಆಗಲಿಲ್ಲ. ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದೇ ಬಿಡಿ ಅಂತಾರೆ. ಇನ್ನೊಬ್ಬರು ಫ್ಯಾನ್‌ಗೆ ಡೈರೆಕ್ಟ್ ಸ್ವಿಚ್ ಕೊಡ್ತೀನಿ ಅಂತಾರೆ. ಮೂರನೆಯವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ಯಾರ ಮಾತು ಕೇಳಲಿ? ಎಲ್‌ಇಡಿ ಬಲ್ಬ್ ಹಾಕಿದರೆ ಲೋಡ್ ಕಡಿಮೆ ಆಗುತ್ತಾ? ಮುಂದಿನ ತಿಂಗಳು ಇದೇ ಗಾಡಿಯಲ್ಲಿ ದೂರ ಹೋಗಬೇಕಿದೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಕೆಲಸಕ್ಕೆ ಬಂದ ಪದ "ಕೂಡಲೇ". ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಹಾರುತ್ತದೆ, ಆರಿಸಿದ ಕೂಡಲೇ ವಾಪಸ್. ಈ ಎಂಜಿನ್ ಒಳಗೆ ಸುಮಾರು 6 ಲೀಟರ್ ಕೂಲೆಂಟ್ ಇದೆ, ಸುತ್ತ ಅಷ್ಟೊಂದು ಕಬ್ಬಿಣ, ಅಲ್ಯೂಮಿನಿಯಂ ಇದೆ. ಇಷ್ಟನ್ನೂ ಒಂದೇ ಸೆಕೆಂಡಲ್ಲಿ ಹತ್ತು ಡಿಗ್ರಿ ಏರಿಸುವ ಬೆಂಕಿ ಎಲ್ಲೂ ಇಲ್ಲ. ಒಂದು ಸೆಕೆಂಡಲ್ಲಿ ಇಳಿಸುವುದಂತೂ ಆಗದ ಮಾತು. ಒಲೆ ಮೇಲಿಟ್ಟ ಒಂದು ಲೋಟ ನೀರೂ ಹಾಗೆ ಮಾಡಲ್ಲ. ಅಂದರೆ ಆ ಹಾರಾಟದ ಮಟ್ಟಿಗೆ ಮುಳ್ಳು ಸುಳ್ಳು ಹೇಳುತ್ತಿದೆ.

ಹಾಗಂತ ಎಂಜಿನ್ ಬಿಸಿಯೇ ಆಗುತ್ತಿಲ್ಲ ಅಂದುಕೊಳ್ಳಬೇಡಿ. ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಏರಿ ಹೈವೇಯಲ್ಲಿ ನಿಧಾನಕ್ಕೆ ಇಳಿಯುವುದು ನಿಜವಾದ ಬಿಸಿಯ ನಡಿಗೆ. ನಿಮ್ಮ ಗಾಡಿಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತಿದೆ, ಅದಕ್ಕೇ ಮೂರು ಜನ ಮೂರು ಮಾತು ಹೇಳಿದ್ದಾರೆ. ನನ್ನ ಅಂದಾಜಿನಲ್ಲಿ ಇವು ಬೇರೆ ಬೇರೆ ರೋಗ ಅಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲು ಮುಳ್ಳಿನ ಸುಳ್ಳು. ಎಂಜಿನ್ ಓಡುವಾಗ ಗಾಡಿಗೆ ಕರೆಂಟ್ ಕೊಡುವುದು ಆಲ್ಟರ್ನೇಟರ್, ಬ್ಯಾಟರಿ ಅಲ್ಲ. ಕರೆಂಟ್ ಅಲ್ಲಿಂದ ಹೊರಟು ಹೆಡ್‌ಲೈಟ್‌ಗೆ ಹೋಗಿ, ಬಾಡಿಯ ತಗಡಿಗೆ ಇಳಿದು, ಅಲ್ಲಿಂದ ಬಾಡಿಯನ್ನೂ ಎಂಜಿನ್ನನ್ನೂ ಜೋಡಿಸುವ ಅರ್ತ್ ಪಟ್ಟಿ ಎಂಬ ದಪ್ಪ ತಂತಿ ಹಿಡಿದು ಎಂಜಿನ್‌ಗೆ ವಾಪಸ್ ಬರಬೇಕು, ಏಕೆಂದರೆ ಆಲ್ಟರ್ನೇಟರ್ ಕೂತಿರುವುದೇ ಎಂಜಿನ್ ಮೇಲೆ. ಆ ಪಟ್ಟಿಯ ತುದಿ ಕಿಲುಬು ಹಿಡಿದಿದ್ದರೆ ವಾಪಸ್ ಬರುವ ದಾರಿ ಕಿರಿದಾಗುತ್ತದೆ. ಆಗ ಎಂಜಿನ್ ಬಾಡಿಗಿಂತ ಅರ್ಧ ವೋಲ್ಟೋ ಒಂದು ವೋಲ್ಟೋ ಕೆಳಗೆ ಕೂರುತ್ತದೆ. ಈಗ ಟೆಂಪರೇಚರ್ ಮೀಟರ್‌ನ ಸೆನ್ಸರ್ ನೋಡಿ. ಅದಕ್ಕಿರುವುದು ಒಂಟಿ ತಂತಿ, ಅದರ ಅರ್ತ್ ಎಂಜಿನ್ನೇ. ಬಿಸಿಯಾದಷ್ಟೂ ಸೆನ್ಸರ್‌ನ ರೆಸಿಸ್ಟೆನ್ಸ್ ಇಳಿಯುತ್ತದೆ, ಕರೆಂಟ್ ಜಾಸ್ತಿ ಹರಿಯುತ್ತದೆ, ಮುಳ್ಳು ಏರುತ್ತದೆ. ಎಂಜಿನ್ನಿನ ವೋಲ್ಟೇಜ್ ಕೆಳಗಿಳಿದರೂ ಅದೇ ತಂತಿಯಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ. ಬಂದದ್ದು ಬಿಸಿಯೋ ಕಿಲುಬೋ ಅಂತ ಮುಳ್ಳಿಗೆ ಗೊತ್ತಾಗಲ್ಲ.

ಎರಡು ಹೆಡ್‌ಲೈಟ್ ಅಂದರೆ ಹತ್ತಿರ ಹತ್ತಿರ 9 ಆಂಪಿಯರ್, ಹಿಂದಿನ ಮುಂದಿನ ಸಣ್ಣ ದೀಪ ಸೇರಿದರೆ ಇನ್ನೂ ಸ್ವಲ್ಪ. ದಾರಿಯಲ್ಲಿ ಬರೀ 0.1 ಓಮ್ ಅಡ್ಡಿ ಇದ್ದರೂ ಸುಮಾರು ಒಂದು ವೋಲ್ಟ್ ಅಲ್ಲೇ ಸೋರಿತು. ಸಾಧಾರಣ ಮಲ್ಟಿಮೀಟರ್‌ನಲ್ಲಿ ಓಮ್ ಅಳತೆಗೆ ಹಾಕಿದರೆ ಈ 0.1 ಸರಿಯಾಗಿ ಕಾಣಿಸುವುದೂ ಇಲ್ಲ, ಅದರ ಮೊನೆಗಳ ತಂತಿಯಲ್ಲೇ ಅಷ್ಟಿರುತ್ತದೆ. "ಅರ್ತ್ ಚೆಕ್ ಮಾಡಿದೆ ಸಾರ್, ಸರಿ ಇದೆ" ಅನ್ನುವವರು ಎಡವುವುದು ಇಲ್ಲೇ. ಬೀಪ್ ಬಂತು ಅಂದ ಮಾತ್ರಕ್ಕೆ ಅರ್ತ್ ಸರಿ ಇದೆ ಅಂತಲ್ಲ. ಕರೆಂಟ್ ಹರಿಯುವಾಗ ಎಷ್ಟು ವೋಲ್ಟ್ ಸೋರುತ್ತದೆ ಅನ್ನುವುದನ್ನು ನೋಡಬೇಕು.

ಇದನ್ನು ಹಿಡಿಯಲು ಮಲ್ಟಿಮೀಟರ್ ಕೂಡ ಬೇಡ. ಬ್ಯಾಟರಿ ಡೌನ್ ಆದಾಗ ಹಾಕುವ ಜಂಪರ್ ಕೇಬಲ್ ಇದ್ದರೆ ಸಾಕು. ಎಂಜಿನ್ ಆಫ್ ಮಾಡಿ. ಕೇಬಲ್‌ನ ಒಂದು ಕ್ಲಿಪ್ಪನ್ನು ಎಂಜಿನ್ನಿನ ಗಟ್ಟಿ ಲೋಹದ ಕೊಕ್ಕೆಗೆ, ಇನ್ನೊಂದನ್ನು ಬಾಡಿಯಲ್ಲಿ ಬಣ್ಣ ಇಲ್ಲದ ಒಂದು ಬೋಲ್ಟ್‌ಗೆ ಕಚ್ಚಿಸಿ. ಬೆಲ್ಟ್, ಫ್ಯಾನ್, ಬಿಸಿ ಪೈಪ್ ಯಾವುದಕ್ಕೂ ತಾಗದಂತೆ ನೋಡಿಕೊಳ್ಳಿ. ಈಗ ಎಂಜಿನ್ ಶುರು ಮಾಡಿ ಹೆಡ್‌ಲೈಟ್ ಹಾಕಿ. ಮುಳ್ಳು ಹಾರಲಿಲ್ಲ ಅಂದರೆ ಕಳ್ಳ ಸಿಕ್ಕ. ಐದು ನಿಮಿಷದ ಕೆಲಸ.

ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. 20 ವೋಲ್ಟ್ ಡಿಸಿಗೆ ಹಾಕಿ, ಎಂಜಿನ್ 1500 ಆರ್‌ಪಿಎಂ ಸುತ್ತ ಓಡುತ್ತಿರಲಿ, ಹೆಡ್‌ಲೈಟೂ ಹೀಟರ್ ಬ್ಲೋವರೂ ಆನ್ ಇರಲಿ. ಒಂದು ಮೊನೆ ಎಂಜಿನ್‌ಗೆ, ಇನ್ನೊಂದು ಬಾಡಿಗೆ. 0.2 ವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. 0.5 ದಾಟಿದರೆ ಪಟ್ಟಿ ಬಿಚ್ಚಲೇಬೇಕು. ಆಮೇಲೆ ಎಂಜಿನ್‌ನಿಂದ ಬ್ಯಾಟರಿ ಮೈನಸ್‌ವರೆಗೂ ಅಳೆಯಿರಿ. ಈ ಗಾಡಿಯಲ್ಲಿ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಹಾಗಾಗಿ ದಾರಿ ಉದ್ದ, ಜೋಡಣೆಗಳೂ ಜಾಸ್ತಿ.

ಬ್ಯಾಟರಿ ಬದಲಿಸಿದೆ ಅಂದಿರಲ್ಲ, ಯಾವ ಬ್ಯಾಟರಿ ಹಾಕಿದಿರಿ? ಈ ಗಾಡಿಗೆ ಕಂಪನಿಯಿಂದ ಬಂದದ್ದು ಆಸಿಡ್ ಚೆಲ್ಲದ, ಹಬೆಯನ್ನು ಸಣ್ಣ ಕೊಳವೆಯಲ್ಲಿ ಹೊರಗೆ ಬಿಡುವ ಬಗೆಯದು. ಅದರ ಜಾಗಕ್ಕೆ ಸಾಮಾನ್ಯ ಬ್ಯಾಟರಿ ಹಾಕಿ, ಕೊಳವೆಯನ್ನು ಜೋಡಿಸದೆ ಬಿಟ್ಟರೆ ಆಸಿಡ್ ಹಬೆ ಡಿಕ್ಕಿಯೊಳಗೇ ಸುತ್ತುತ್ತದೆ. ತಗಡು ತಿನ್ನುತ್ತದೆ, ಪಕ್ಕದಲ್ಲೇ ಇರುವ ಮೈನಸ್ ಬೋಲ್ಟ್ ಅನ್ನೂ ತಿನ್ನುತ್ತದೆ. ಕಾರ್ಪೆಟ್ ಎತ್ತಿ ಒಮ್ಮೆ ನೋಡಿ.

ಇಂಥದ್ದೇ ಒಂದು ಹಳೇ ಗಾಡಿ ನನ್ನ ಬೆಂಚಿಗೆ ಬಂದಿತ್ತು. ಅರ್ತ್ ಪಟ್ಟಿ ಹೊರಗಿನಿಂದ ಫಳಫಳ. ಯಾರೋ ವೈರ್ ಬ್ರಶ್ ಹಾಕಿ ಉಜ್ಜಿದ್ದರು, ಬೋಲ್ಟ್ ಕೂಡ ಹೊಸದು. ಎಂಜಿನ್‌ಗೂ ಬಾಡಿಗೂ ನಡುವೆ 0.9 ವೋಲ್ಟ್ ತೋರಿಸುತ್ತಿತ್ತು. ಬಿಚ್ಚಿ ಬಗ್ಗಿಸಿದೆ. ತುದಿಯ ಲೋಹದ ಬಳೆಯ (ಲಗ್) ಒಳಗೆ ತಂತಿಯನ್ನು ಅಮುಕಿ ಕೂರಿಸಿದ ಜಾಗದಿಂದ ಹಸಿರು ಪುಡಿ ಉದುರಿ ಅಂಗೈ ಮೇಲೆ ಬಿತ್ತು. ಎಳೆಗಳಲ್ಲಿ ಅರ್ಧಕ್ಕರ್ಧ ಮುರಿದೇ ಹೋಗಿತ್ತು. ಹಾಗಾಗಿ ಉಜ್ಜಿ ಹಾಕುವ ಬದಲು ಹೊಸ ಪಟ್ಟಿಯನ್ನೇ ಹಾಕಿ. ಬಾಡಿ ಕಡೆ ಬೋಲ್ಟ್ ಕೂರುವ ಜಾಗದ ಬಣ್ಣವನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ಲೋಹ ಕಾಣುವಂತೆ ಮಾಡಿ, ಬಿಗಿ ಮಾಡಿ, ಆಮೇಲೆ ಮೇಲಿಂದ ಗ್ರೀಸ್ ಸವರಿ. ಗ್ರೀಸ್ ಮೊದಲು, ಬಿಗಿ ಆಮೇಲೆ ಅಲ್ಲ.

ಸೆನ್ಸರ್ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗ್ತೀನಿ. ಹೊಸ ಸೆನ್ಸರ್ ಹಾಕುವಾಗ ಥ್ರೆಡ್‌ಗೆ ಟೆಫ್ಲಾನ್ ಟೇಪ್ ದಪ್ಪಕ್ಕೆ ಸುತ್ತಿದ್ದರೆ ಅದರ ಅರ್ತ್ ಕೆಡುತ್ತದೆ, ಆಗ ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಇದು ಹೆಚ್ಚು ಅಪಾಯ, ಏಕೆಂದರೆ ಸುಳ್ಳು ನಿಮಗೆ ಸಮಾಧಾನ ಕೊಡುತ್ತದೆ. ಅಂದಹಾಗೆ ಟೆಂಪರೇಚರ್ ಮೀಟರ್‌ನ ಸೆನ್ಸರ್ ಬೇರೆ, ಎಂಜಿನ್ ಕಂಪ್ಯೂಟರ್‌ನ ಎರಡು ತಂತಿಯ ಸೆನ್ಸರ್ ಬೇರೆ. ನೀವು ಯಾವುದನ್ನು ಬದಲಿಸಿದಿರೋ ಬಿಲ್ ನೋಡಿ.

ಈಗ ನಿಜವಾದ ಬಿಸಿಗೆ ಬರೋಣ. ಬಾನೆಟ್ ಎತ್ತಿ ಎಂಜಿನ್ ಮುಂದೆ ನಿಂತು ನೋಡಿ, ಎರಡು ಬೆಲ್ಟ್ ಕಾಣುತ್ತವೆ. ಒಂದು ಪವರ್ ಸ್ಟೀರಿಂಗ್ ಮತ್ತು ಎ.ಸಿ.ಯದು, ಅವೆರಡೂ ಇಲ್ಲದ ಗಾಡಿಯಲ್ಲಿ ಇದಿರುವುದಿಲ್ಲ. ಇನ್ನೊಂದು ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನದು. ಹೌದು, ಎರಡಕ್ಕೂ ಒಂದೇ ಬೆಲ್ಟ್. ಆ ಬೆಲ್ಟ್ ಜಾರಿದರೆ ಚಾರ್ಜಿಂಗ್ ಬೀಳುತ್ತದೆ, ಲೈಟ್ ಮಂಕಾಗುತ್ತದೆ, ಬ್ಯಾಟರಿ ದೀಪ ಮಿನುಗುತ್ತದೆ, ಅದೇ ಹೊತ್ತಿಗೆ ನೀರು ತಿರುಗಿಸುವ ಪಂಪೂ ನಿಧಾನವಾಗುತ್ತದೆ. ಹೆಡ್‌ಲೈಟ್ ಹಾಕಿದರೆ ಆಲ್ಟರ್ನೇಟರ್ ಮೇಲೆ ಭಾರ ಬೀಳುತ್ತದೆ, ಬೆಲ್ಟ್ ಇನ್ನಷ್ಟು ಜಾರುತ್ತದೆ. ನೀವು ಹೇಳಿದ ತಕರಾರುಗಳಲ್ಲಿ ಮುಕ್ಕಾಲು ಭಾಗ ಈ ಒಂದು ರಬ್ಬರ್ ಸುರುಳಿಯಿಂದ ಬರಬಹುದು. ಅದನ್ನು ಬಿಟ್ಟು ಥರ್ಮೋಸ್ಟಾಟ್ ಬದಲಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಎಂಜಿನ್ ಆಫ್ ಇರುವಾಗ ಬೆಲ್ಟ್‌ನ ಉದ್ದದ ಕಡೆ ನಡುವೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ. ಒಂದು ಸೆಂಟಿಮೀಟರ್ ಹತ್ತಿರ ಬಗ್ಗಿದರೆ ಸರಿ, ಎರಡು ಬಗ್ಗಿದರೆ ಸಡಿಲ. ಒಳಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಬಿಗಿ ಮಾಡಿ ಪ್ರಯೋಜನ ಇಲ್ಲ, ಬದಲಿಸಿ. ಜಾರುವ ಬೆಲ್ಟ್ ಯಾವಾಗಲೂ ಕಿರುಚುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಪೂರ್ತಿ ನಯವಾದ ಬೆಲ್ಟ್ ಸದ್ದಿಲ್ಲದೆ ಜಾರುತ್ತದೆ. ಹಾಗಂತ ವೀಣೆ ತಂತಿಯ ಹಾಗೆ ಬಿಗಿ ಮಾಡಲೂ ಹೋಗಬೇಡಿ. ಪಂಪಿನ ಬೇರಿಂಗ್, ಆಲ್ಟರ್ನೇಟರ್ ಬೇರಿಂಗ್ ಎರಡೂ ಬೇಗ ಹೋಗುತ್ತವೆ. ಐಡ್ಲಿಂಗ್ ಎಷ್ಟಿದೆ ಅಂತಲೂ ನೋಡಿ, ಈ ಎಂಜಿನ್‌ಗೆ 850ರ ಆಸುಪಾಸು ಇರಬೇಕು. ಅದು 650ಕ್ಕೆ ಇಳಿದಿದ್ದರೆ ಆಲ್ಟರ್ನೇಟರೂ ಪಂಪೂ ಎರಡೂ ಸೋಮಾರಿಯಾಗುತ್ತವೆ.

ಬೆಲ್ಟ್ ಸರಿ ಮಾಡಿದ ಮೇಲೆ ಬ್ಯಾಟರಿ ತುದಿಯಲ್ಲಿ ವೋಲ್ಟೇಜ್ ನೋಡಿ. ಗಾಡಿ ರಾತ್ರಿ ಪೂರ್ತಿ ನಿಂತಿದ್ದಾಗ 12.6ರ ಹತ್ತಿರ ಇರಬೇಕು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ. ಎಲ್ಲ ಲೈಟೂ ಬ್ಲೋವರೂ ಹಾಕಿ ಐಡ್ಲಿಂಗ್‌ನಲ್ಲಿ 13ಕ್ಕಿಂತ ಕೆಳಗೆ ಕೂತು, ಎಕ್ಸಲರೇಟರ್ ಸ್ವಲ್ಪ ಒತ್ತಿದರೂ ಮೇಲೇಳದಿದ್ದರೆ ಆಲ್ಟರ್ನೇಟರ್ ಕಡೆ ಕಣ್ಣು ಹಾಕಿ. ಆಲ್ಟರ್ನೇಟರ್ ಒಳಗಿನ ಡಯೋಡ್ ಒಂದು ಹೋಗಿದ್ದರೂ ಡಿಸಿ ವೋಲ್ಟೇಜ್ ಹೆಚ್ಚುಕಡಿಮೆ ಸರಿಯಾಗೇ ಕಾಣಬಹುದು. ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ ಬ್ಯಾಟರಿ ಮೇಲೆ ಇಡಿ, ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಡಯೋಡ್ ಅನುಮಾನ.

ಮುಂದಿನದು ಫ್ಯಾನ್. ಟ್ರಾಫಿಕ್‌ನಲ್ಲಿ ಬಿಸಿ, ಹೈವೇಯಲ್ಲಿ ತಂಪು ಅಂದರೆ ನಿಂತಾಗ ರೇಡಿಯೇಟರ್‌ಗೆ ಗಾಳಿ ಸಾಲುತ್ತಿಲ್ಲ, ಅಥವಾ ಪಂಪ್ ನಿಧಾನ. ಇದು ಉಲ್ಟಾ ಇದ್ದಿದ್ದರೆ, ಅಂದರೆ ಟ್ರಾಫಿಕ್‌ನಲ್ಲಿ ಸರಿ, ವೇಗಕ್ಕೆ ಹೋದರೆ ಬಿಸಿ ಅಂತಿದ್ದರೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವುದು, ಕೆಳಗಿನ ಹೋಸ್ ಒಳಕ್ಕೆ ಚಪ್ಪಟೆಯಾಗುವುದು, ಮುಂಭಾಗದ ಅಡಿಯಲ್ಲಿ ಗಾಳಿಯನ್ನು ರೇಡಿಯೇಟರ್ ಕಡೆ ತಿರುಗಿಸುವ ಪ್ಲಾಸ್ಟಿಕ್ ತಟ್ಟೆ ಕಿತ್ತುಹೋಗಿರುವುದು, ಇವನ್ನೆಲ್ಲ ಹುಡುಕಬೇಕಿತ್ತು. ಆ ತಟ್ಟೆಯನ್ನು "ಸುಮ್ನೆ ಅಡ್ಡ" ಅಂತ ತೆಗೆದು ಮೂಲೆಗೆ ಎಸೆಯುವವರು ಬಹಳ. ನಿಮ್ಮದರಲ್ಲಿ ಇದೆಯಾ ಅಂತ ಬಗ್ಗಿ ನೋಡಿಬಿಡಿ.

ಈ ಎಂಜಿನ್‌ನಲ್ಲಿ ಥರ್ಮೋಸ್ಟಾಟ್, ಅಂದರೆ ಬಿಸಿ ನೀರನ್ನು ರೇಡಿಯೇಟರ್‌ಗೆ ಬಿಡುವ ಬಾಗಿಲು, ಸುಮಾರು 88 ಡಿಗ್ರಿಗೆ ತೆರೆಯುತ್ತದೆ, ಫ್ಯಾನ್ ಸ್ವಿಚ್ ಸುಮಾರು 97 ಡಿಗ್ರಿಗೆ ಕೂಡುತ್ತದೆ. ಆ ಸ್ವಿಚ್ ಇರುವುದು ಥರ್ಮೋಸ್ಟಾಟ್ ಮನೆಯ ಮೇಲೆ. ಅಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಸ್ವಿಚ್‌ಗೆ ನೀರೇ ತಾಗಲ್ಲ, ಎಂಜಿನ್ ಕುದಿಯುತ್ತಿದ್ದರೂ ಅದು ಸುಮ್ಮನೆ ಕೂತಿರುತ್ತದೆ. ಥರ್ಮೋಸ್ಟಾಟ್ ಬದಲಿಸಿದ ಮೇಲೆ ಗಾಳಿ ಸರಿಯಾಗಿ ತೆಗೆಯದಿದ್ದರೆ ಹೊಸ ತಕರಾರು ಹುಟ್ಟುವುದು ಹೀಗೆ.

ಪರೀಕ್ಷೆ ಸುಲಭ. ಬಾನೆಟ್ ಕೆಳಗೆ ಡಯಾಗ್ನೋಸಿಸ್ ಅಂತ ಬರೆದ ಸಣ್ಣ ಡಬ್ಬಿ ಇದೆ. ಮುಚ್ಚಳ ತೆರೆದರೆ ಒಳಗೆ ಅಕ್ಷರಗಳಿವೆ. ಟಿಎಫ್ಎ (TFA) ಮತ್ತು ಜಿಎನ್‌ಡಿ (GND) ಎರಡನ್ನು ಒಂದು ತುಂಡು ತಂತಿಯಿಂದ ಸೇರಿಸಿ ಇಗ್ನಿಷನ್ ಆನ್ ಮಾಡಿ, ಎಂಜಿನ್ ಶುರು ಮಾಡಬೇಕಿಲ್ಲ. ಫ್ಯಾನ್ ತಿರುಗಿದರೆ ಫ್ಯೂಸ್, ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), ಮೋಟರ್ ಜೀವಂತ, ಅನುಮಾನ ಸ್ವಿಚ್ ಮೇಲೆ. ತಿರುಗದಿದ್ದರೆ ಸ್ವಿಚ್ ನಿರಪರಾಧಿ. ಅಕ್ಷರ ಎರಡು ಸಲ ಓದಿ, ಅದೇ ಡಬ್ಬಿಯಲ್ಲಿ ಬ್ಯಾಟರಿ ಪ್ಲಸ್ ಕೂಡ ಇದೆ.

ತಿರುಗಿತು ಅಂದ ಮಾತ್ರಕ್ಕೆ ಮುಗಿಯಲ್ಲ, ಎಷ್ಟು ಜೋರಾಗಿ ತಿರುಗುತ್ತದೆ ಅನ್ನುವುದು ಮುಖ್ಯ. ಎಂಜಿನ್ ಓಡುವಾಗ ಫ್ಯಾನ್‌ನ ಕನೆಕ್ಟರ್ ಹಿಂಬದಿಯಿಂದ ಮೀಟರ್ ಮೊನೆ ತೂರಿಸಿ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 13.8, ಫ್ಯಾನ್ ಹತ್ತಿರ 11.5 ಅಂದರೆ ನಡುವೆ ಎಲ್ಲೋ 2.3 ವೋಲ್ಟ್ ಬಿಸಿಯಾಗಿ ಕರಗುತ್ತಿದೆ. ಸುಟ್ಟ ರಿಲೇ ಕಾಂಟ್ಯಾಕ್ಟ್, ಕಂದಿದ ಕನೆಕ್ಟರ್, ಮತ್ತೆ ಅದೇ ಅರ್ತ್. ಕಣ್ಣಿಗೆ ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಮಾತ್ರ ತಳ್ಳುತ್ತಿರುವುದಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿದಾಗ ಇನ್ನೂ ನಿಧಾನ. ನಿಮ್ಮ ಗಾಡಿಯಲ್ಲಿ ಎ.ಸಿ. ಇದ್ದರೆ ಇನ್ನೊಂದು ಸುಳಿವು ಸಿಗುತ್ತದೆ. ಎ.ಸಿ. ಹಾಕಿದರೆ ಎರಡೂ ಫ್ಯಾನ್ ತಿರುಗಬೇಕು. ಟ್ರಾಫಿಕ್‌ನಲ್ಲಿ ಬಿಸಿ ಏರುತ್ತಿರುವಾಗ ಎ.ಸಿ. ಹಾಕಿ, ಮುಳ್ಳು ಇಳಿದರೆ ಫ್ಯಾನ್ ತಡವಾಗಿ ಶುರುವಾಗುತ್ತಿದೆ ಅಂತ ಅರ್ಥ.

ಎಂಜಿನ್ ನಿಜವಾಗಿ ಎಷ್ಟು ಬಿಸಿ ಅಂತ ತಿಳಿಯಲು ಆ ಪಿಸ್ತೂಲಿನಂಥ ಇನ್‌ಫ್ರಾರೆಡ್ ಥರ್ಮಾಮೀಟರ್ ಒಳ್ಳೆಯದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ತುಂಬ ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಇನ್ನು ಕಾಣೆಯಾಗುವ ಕೂಲೆಂಟ್. ಹನಿ ನೆಲಕ್ಕೆ ಬೀಳುತ್ತಿಲ್ಲ ಅಂದರೆ ಸೋರುತ್ತಿಲ್ಲ ಅಂತಲ್ಲ, ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆವಿಯಾಗಿ ಬಿಳಿ ಅಥವಾ ಹಸಿರು ಕಲೆ ಮಾತ್ರ ಉಳಿಯುತ್ತದೆ. ಈ ಎಂಜಿನ್‌ನ ಸಿಲಿಂಡರ್ ಹೆಡ್ ಹಿಂಭಾಗದಲ್ಲಿ, ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ಗೋಡೆಗೆ ಒತ್ತಿಕೊಂಡ ಹಾಗೆ, ಒಂದು ರಬ್ಬರ್ ಬಿರಡೆ ಇದೆ. ವಯಸ್ಸಾದ ಮೇಲೆ ಅದು ಒಡೆದು ಗೇರ್‌ಬಾಕ್ಸ್ ಮೇಲೆ ಸಣ್ಣಗೆ ಸೋರುತ್ತದೆ. ಕಣ್ಣಿಗೆ ಕಾಣುವ ಜಾಗವೇ ಅಲ್ಲ, ಕನ್ನಡಿಯೂ ಟಾರ್ಚೂ ಬೇಕು. ವಾಟರ್ ಪಂಪಿನ ಅಡಿಯ ಸಣ್ಣ ತೂತನ್ನೂ ನೋಡಿ. ರೇಡಿಯೇಟರ್‌ನ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಕಪ್ಪಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿದೆಯಾ? ತಿರುಗಿದ್ದರೆ ಅದು ಸೋರಲಿ ಬಿಡಲಿ, ಹೊಸ ರೇಡಿಯೇಟರ್ ಹಾಕಿಬಿಡಿ. ಬಣ್ಣ ಹೋದ ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕಾರೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಒದ್ದೆ ಕಾರ್ಪೆಟ್ ಇದ್ದರೆ ಸೋರಿಕೆ ಹೀಟರ್‌ನಲ್ಲಿ.

ರೇಡಿಯೇಟರ್ ಕ್ಯಾಪ್ ಅನ್ನು ಬರೀ ಮುಚ್ಚಳ ಅಂದುಕೊಳ್ಳಬೇಡಿ, ಅದೊಂದು ವಾಲ್ವ್. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ ನೀರು ತೆರೆದ ಪಾತ್ರೆಯಲ್ಲಿ 107 ಡಿಗ್ರಿ ಸುತ್ತ ಕುದಿಯುತ್ತದೆ. ಕ್ಯಾಪ್ ಸುಮಾರು ಒಂದು ಬಾರ್ ಒತ್ತಡ ಹಿಡಿದರೆ ಅದೇ ನೀರು 125 ದಾಟುವವರೆಗೂ ಕುದಿಯಲ್ಲ. ಸ್ಪ್ರಿಂಗ್ ಸತ್ತ ಕ್ಯಾಪ್ ಇದ್ದರೆ ಬಿಸಿಯಲ್ಲಿ ನೀರನ್ನು ಪಕ್ಕದ ಬಾಟಲಿಗೆ ತಳ್ಳುತ್ತದೆ, ತಣಿದಾಗ ವಾಪಸ್ ಎಳೆದುಕೊಳ್ಳುವುದಿಲ್ಲ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ. ನೀವು ಬಾಟಲಿ ನೋಡುತ್ತಿದ್ದೀರೋ ರೇಡಿಯೇಟರ್ ನೋಡುತ್ತಿದ್ದೀರೋ? ಬೆಳಗ್ಗೆ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪೇ ತೆಗೆದು ನೋಡಿ. ಬಿಸಿ ಇರುವಾಗ ಮುಟ್ಟಲೇಬೇಡಿ. ಬಟ್ಟೆ ಹಿಡಿದು ಸ್ವಲ್ಪವೇ ತಿರುಗಿಸ್ತೀನಿ ಅಂದವರ ಮುಂಗೈ ಸುಟ್ಟಿದ್ದು ನಾನು ನೋಡಿದ್ದೀನಿ.

ಇಲ್ಲಿ ಮತ್ತೆ ಅರ್ತ್ ತಲೆಹಾಕುತ್ತದೆ. ವಾಪಸ್ ಬರುವ ಕರೆಂಟ್‌ಗೆ ಸರಿಯಾದ ದಾರಿ ಇಲ್ಲದಿದ್ದರೆ ಅದು ಸಿಕ್ಕ ದಾರಿ ಹಿಡಿಯುತ್ತದೆ, ಎಕ್ಸಲರೇಟರ್ ಕೇಬಲ್, ಗೇರ್ ಲಿವರ್, ಕೂಲೆಂಟ್ ಕೂಡ. ಕೂಲೆಂಟ್ ಮೂಲಕ ಹರಿದರೆ ಅಲ್ಯೂಮಿನಿಯಂ ಒಳಗಿಂದ ಸವೆದು ಸೂಜಿ ತೂತು ಬೀಳುತ್ತವೆ. ಕಪ್ಪು ಮೊನೆ ಬ್ಯಾಟರಿ ಮೈನಸ್‌ಗೆ ಇಟ್ಟು, ತಣ್ಣಗಿರುವಾಗ ಕೆಂಪು ಮೊನೆಯನ್ನು ರೇಡಿಯೇಟರ್‌ನ ನೀರಿಗೆ ಅದ್ದಿ, ಲೋಹ ತಾಗದ ಹಾಗೆ. ಯಾರಾದರೂ ಹೆಡ್‌ಲೈಟ್ ಹಾಕಲಿ. 0.3 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿರಬಹುದು, ಇಲ್ಲವೇ ಕೂಲೆಂಟ್ ಹಳತಾಗಿ ಅದರ ಸತ್ವ ಹೋಗಿರಬಹುದು. ಇದನ್ನು ಪಕ್ಕಾ ತೀರ್ಪು ಅಂತ ತಗೋಬೇಡಿ, ಸುಳಿವು ಅಷ್ಟೇ. ಲೈಟ್ ಹಾಕಿದಾಗ ಸಂಖ್ಯೆ ಏರಿದರೆ ಮಾತ್ರ ನಾನು ಅರ್ತ್ ಮೇಲೆ ಬೆರಳು ತೋರಿಸುತ್ತೇನೆ.

ಈಗ ಆ ಮೂವರ ಸಲಹೆ.

ಥರ್ಮೋಸ್ಟಾಟ್ ತೆಗೆಯುವುದು: ಬೇಡ. ನಿಮಗೆ ಕಡಿಮೆಯಾಗಿರುವುದು ಗಾಳಿ ಅಥವಾ ಪಂಪಿನ ವೇಗ, ಥರ್ಮೋಸ್ಟಾಟ್ ತೆಗೆದರೆ ಅವೆರಡೂ ಬರಲ್ಲ. ಹೈವೇಯಲ್ಲಿ ಎಂಜಿನ್ ತೀರಾ ತಣ್ಣಗಾಗಿ ಕಂಪ್ಯೂಟರ್ ಇನ್ನೂ ಬೆಚ್ಚಗಾಗಿಲ್ಲ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಗುಂಪು ಹೇಳುವ ಮಾತಿದೆ, ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಬೇಗ ಬೇಗ ಓಡಿ ತಣ್ಣಗಾಗಲು ಸಮಯವೇ ಸಿಗಲ್ಲ ಅಂತ. ಅದೂ ಸುಳ್ಳೇ. ನೀರು ಬೇಗ ಓಡಿದರೆ ಬಿಸಿ ಜಾಸ್ತಿಯೇ ಹೊರಗೆ ಹೋಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ಬಿಸಿಯಾಗುವುದು ನಿಜ, ಆದರೆ ಅದಕ್ಕೆ ಕಾರಣ ಬೇರೆ. ಅಲ್ಲಿ ಥರ್ಮೋಸ್ಟಾಟ್‌ನ ಅಡಿ ಬೈಪಾಸ್ ದಾರಿ ಮುಚ್ಚುತ್ತಿರುತ್ತದೆ, ಅದು ಇಲ್ಲದಿದ್ದರೆ ನೀರು ರೇಡಿಯೇಟರ್ ಕಡೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ.

ಫ್ಯಾನ್‌ಗೆ ಡೈರೆಕ್ಟ್ ಸ್ವಿಚ್: ಪೂರ್ತಿ ತಪ್ಪು ಅನ್ನಲ್ಲ, ಆದರೆ ಹೇಗೆ ಮಾಡುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಬ್ಯಾಟರಿಯಿಂದ ತೆಳ್ಳಗಿನ ತಂತಿ ಎಳೆದು, ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕ ನೇರ ಫ್ಯಾನ್‌ಗೆ, ಫ್ಯೂಸೂ ಇಲ್ಲದೆ ಕೊಟ್ಟರೆ ಅದು ಬೆಂಕಿಗೆ ಕೊಟ್ಟ ಆಹ್ವಾನ. ಈ ಗಾಡಿಯ ಫ್ಯಾನ್ ಸ್ವಿಚ್ ಮಾಡುವುದು ರಿಲೇಯ ಒಂದು ತಂತಿಯನ್ನು ಅರ್ತ್ ಮಾಡುವುದು ಮಾತ್ರ, ಅದರಲ್ಲಿ ಹರಿಯುವ ಕರೆಂಟ್ ತೀರಾ ಕಡಿಮೆ. ಹಾಗಾಗಿ ಅದೇ ತಂತಿಗೆ ಸಮಾನಾಂತರವಾಗಿ ಒಂದು ಸಣ್ಣ ಸ್ವಿಚ್ ಕೊಟ್ಟರೆ ಸಾಕು, ಆಟೋಮ್ಯಾಟಿಕ್ ಕೆಲಸವೂ ಉಳಿಯುತ್ತದೆ. ಫ್ಯಾನ್ ಹಾಕುವುದನ್ನು ನೀವು ಮರೆತರೂ ಅದು ಮರೆಯಲ್ಲ. ಆದರೆ ಇದು ಹೆಚ್ಚುವರಿ ರಕ್ಷಣೆ. ಮೂಲ ತಕರಾರು ಹಾಗೇ ಇಟ್ಟು ಇದನ್ನು ಹಾಕಿದರೆ ಕಿಲುಬು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಹೆಡ್ ಗ್ಯಾಸ್ಕೆಟ್: ಸಾಧ್ಯವೇ ಇಲ್ಲ ಅನ್ನಲಾರೆ, ಏಕೆಂದರೆ ಕಬ್ಬಿಣದ ಬ್ಲಾಕ್ ಮೇಲೆ ಅಲ್ಯೂಮಿನಿಯಂ ಹೆಡ್ ಕೂತಿದೆ, ಎರಡರ ನಡುವೆ ಸೋರದಂತೆ ಇಟ್ಟ ತೆಳು ಹಾಳೆಯೇ ಈ ಗ್ಯಾಸ್ಕೆಟ್, ಪದೇ ಪದೇ ಕಾದರೆ ಹೆಡ್ ಬಾಗುತ್ತದೆ. ಆದರೆ ನೋಡದೆ ಹೇಳಿದ ಮಾತಿಗೆ ಎಂಜಿನ್ ಬಿಚ್ಚಿಸಬೇಡಿ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಟೆಸ್ಟರ್ ಹಿಡಿದು ನೋಡುವ ಪರೀಕ್ಷೆ ಇದೆ. ಎಂಜಿನ್ನಿನ ಸುಟ್ಟ ಅನಿಲ ಕೂಲೆಂಟ್‌ಗೆ ಬರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. ತಣ್ಣನೆ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ, ಅಥವಾ ಬೆಳಗ್ಗೆ ಬಿಳಿ ಹೊಗೆಯ ಜೊತೆ ಸಿಹಿ ವಾಸನೆ ಬಂದರೆ ಆಗ ಅವರ ಮಾತಿಗೆ ತೂಕ ಬರುತ್ತದೆ. ಹಾಗೆ ಬಂದರೂ ಗ್ಯಾಸ್ಕೆಟ್‌ಗಾಗಿ ಎಂಜಿನ್ ಇಳಿಸುವುದು ಬೇಕಿಲ್ಲ, ಹೆಡ್ ಮಾತ್ರ ಎತ್ತಿದರೆ ಆಯಿತು.

ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್, ಕೂಲೆಂಟ್ ದಾರಿಯನ್ನೇ ಬದಲಿಸುವ ಕಿಟ್, ಇವನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿಟ್‌ನ ಹಿಂದೆ ನಿಜವಾದ ಕಾರಣ ಇದೆ. ಇದೇ ಎಂಜಿನ್ ಅಡ್ಡಕ್ಕೆ ಕೂರುವ ಮುಂಚಕ್ರ ಚಾಲನೆಯ ಕಾರುಗಳಿಂದ ಬಂದದ್ದು. ಇಲ್ಲಿ ಉದ್ದಕ್ಕೆ ಕೂರಿಸುವಾಗ ನೀರು ಹೊರಬರುವ ಬಾಗಿಲನ್ನು ಹಿಂದಿನಿಂದ ಮುಂದಕ್ಕೆ ತಂದರು, ಹಿಂದಿನ ಸಿಲಿಂಡರ್‌ಗೆ ಸ್ವಲ್ಪ ಅನ್ಯಾಯ ಆಯಿತು. ರೇಸ್ ಓಡಿಸುವವರಿಗೆ, ಟರ್ಬೊ ಕೂರಿಸಿದವರಿಗೆ ಅದು ಬೇಕು. ಟ್ರಾಫಿಕ್‌ನಲ್ಲಿ ನಿಂತು ಬಿಸಿಯಾಗುವ ಮಾಮೂಲಿ ಗಾಡಿಗೆ ಬೇಡ.

ಎಲ್‌ಇಡಿ ಬಲ್ಬ್ ಹಾಕಿದರೆ ಲೋಡ್ ಇಳಿಯುತ್ತದೆ, ಮುಳ್ಳಿನ ಹಾರಾಟವೂ ಕಡಿಮೆಯಾಗುತ್ತದೆ. ಅದಕ್ಕೇ ಈಗ ಬೇಡ ಅನ್ನುವುದು. ತಪ್ಪು ತೋರಿಸಿಕೊಡುತ್ತಿರುವ ಒಂದೇ ಸಾಕ್ಷಿಯನ್ನು ನಾವೇ ಮುಚ್ಚಿಟ್ಟ ಹಾಗೆ. ಹ್ಯಾಲೊಜನ್‌ಗೆ ಮಾಡಿದ ಹೆಡ್‌ಲೈಟ್‌ನಲ್ಲಿ ಎಲ್‌ಇಡಿ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವರ ಕಣ್ಣಿಗೂ ಹೊಡೆಯುತ್ತದೆ.

ಪ್ರಯಾಣಕ್ಕೆ ಇನ್ನೂ ತಿಂಗಳು ಇದೆ, ಸಾಕಷ್ಟಾಯಿತು. ನಾನಾಗಿದ್ದರೆ ಮೊದಲ ದಿನ ಬೆಲ್ಟ್ ಮತ್ತು ಜಂಪರ್ ಕೇಬಲ್ ಪರೀಕ್ಷೆ, ಆಮೇಲೆ ಅರ್ತ್ ಪಟ್ಟಿ, ಕ್ಯಾಪ್. ಕೂಲೆಂಟ್ ಹಳೆಯದಾಗಿದ್ದರೆ ಬದಲಿಸಿ, ಮೂತಿ ಮೇಲಿರುವಂತೆ ಗಾಡಿ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಎಂಜಿನ್ ಓಡಿಸಿ, ಮೇಲಿನ ಹೋಸ್ ಹಿಸುಕುತ್ತಾ ಗುಳ್ಳೆ ನಿಲ್ಲುವವರೆಗೂ ತುಂಬುತ್ತೇನೆ. ಕೂಲೆಂಟ್ ಎಲ್ಲಿ ಹೋಗುತ್ತಿದೆ ಅನ್ನುವುದು ಗೊತ್ತಾಗುವವರೆಗೆ ಊರು ಬಿಡುವುದಿಲ್ಲ. ಅದು ಗೊತ್ತಾದ ಮೇಲೂ ಒಮ್ಮೆ ಒಂದು ಗಂಟೆ ಟ್ರಾಫಿಕ್‌ನಲ್ಲಿ, ಲೈಟು ಬ್ಲೋವರ್ ಎಲ್ಲ ಹಾಕಿಕೊಂಡು, ಬೇಕಂತಲೇ ಸುತ್ತಾಡಿ ನೋಡುತ್ತೇನೆ.

ದಾರಿಯಲ್ಲಿ ಮುಳ್ಳು ನಿಧಾನಕ್ಕೆ ಏರಲು ಶುರುವಾದರೆ ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ಜೋರಿಗೆ ಹಾಕಿ. ನಿಮಗೆ ಬೆವರು ಸುರಿಯುತ್ತದೆ, ಆದರೆ ಅದೂ ಒಂದು ಸಣ್ಣ ರೇಡಿಯೇಟರೇ. ಟಾಪ್ ಇಳಿಸಿದರೆ ತಡೆದುಕೊಳ್ಳಬಹುದು. ಕೆಂಪಿನ ಹತ್ತಿರ ಹೋದರೆ, ಅಥವಾ ಹೀಟರ್‌ನಿಂದ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬರಲು ಶುರುವಾದರೆ, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ತಣ್ಣನೆ ಗಾಳಿ ಅಂದರೆ ಹೀಟರ್‌ವರೆಗೆ ನೀರೇ ಬರುತ್ತಿಲ್ಲ ಅಂತ. ಆಗ ಮುಳ್ಳು ಕೆಳಗೆ ಬಿದ್ದರೂ ನಂಬಬೇಡಿ. ಸೆನ್ಸರ್ ನೀರಿನಲ್ಲಿ ಇಲ್ಲದೆ ಆವಿಯಲ್ಲಿ ನೇತಾಡುತ್ತಿದ್ದರೆ ಮುಳ್ಳು ಎಲ್ಲಿ ಬೇಕಾದರೂ ನಿಲ್ಲುತ್ತದೆ.